ಐವತ್ತು ವರ್ಷಕ್ಕೊಮ್ಮೆಯ ಮಳೆ

ಸದಾಶಿವಯ್ಯನವರಿಗೆ ಮಳೆಯ ಮೇಲಿದ್ದ ಪ್ರೀತಿ ಹೆಂಡತಿ ಪ್ರೇಮಲೀಲಾ ಅವರ ಮೇಲೂ ಇರಲಿಲ್ಲ ಎಂದು ಜಯಲಕ್ಷ್ಮಿಪುರಂನ ನೆರೆಹೊರೆಯವರು ತಮಾಷೆ ಮಾಡುತ್ತಿದ್ದರು. ಮಾಡದೆ ಏನು? ಮದುವೆಮನೆಯಲ್ಲಿ ಮುಹೂರ್ತಕ್ಕೆ ಕೂತಿದ್ದರೂ ಬೆಳಿಗ್ಗೆ ಎಂಟೂವರೆಗೆ ಮನುಷ್ಯ ಮಾಯ. ಕಚೇರಿಯ ಅಂಗಳದ ಮಳೆಮಾಪಕದಿಂದ ಸೀಸೆ ತೆಗೆದು, ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ದಪ್ಪ ರಿಜಿಸ್ಟರಿನಲ್ಲಿ ಬರೆಯುವುದು ಅವರ ನೌಕರಿ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ಆ ಸೊನ್ನೆ ಬರೆಯುವುದಕ್ಕೂ ಇಸ್ತ್ರಿ ಮಾಡಿದ ಅಂಗಿಯೇ ಆಗಬೇಕು.

ನೌಕರಿ ಇಷ್ಟೇ, ಮಿಕ್ಕಿದ್ದು ಹುಚ್ಚು. ಐವತ್ತು ವರ್ಷದ ಹಳೆಯ ರಿಜಿಸ್ಟರುಗಳ ಧೂಳು ಕೊಡವಿ, ಪ್ರತಿ ವರ್ಷದ ಅತಿ ದೊಡ್ಡ ಮಳೆಯನ್ನು ಆರಿಸಿ, ಎಂಥ ಮಳೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆಂದು ಅವರೊಂದು ಪಟ್ಟಿ ಮಾಡಿದ್ದರು. ಸಿಕ್ಕವರಿಗೆಲ್ಲ ಅದರ ಪಾಠ. “ಹತ್ತು ವರ್ಷಕ್ಕೊಂದ್ಸಲ ಅಂದ್ರೆ ಒಂದ್ಸಲ ಬಂದ್ಮೇಲೆ ಹತ್ತು ವರ್ಷ ರಜ ಅಂತಲ್ಲ ಕಣ್ರೀ. ಚೌಕಾಬಾರದಲ್ಲಿ ಬಾರಾ ಬಿತ್ತು ಅಂತ ಕವಡೆ ನೆನಪಿಟ್ಕೊಳ್ಳುತ್ತಾ? ಮುಂದಿನ ಸಲಾನೂ ಬೀಳಬಹುದು.” ಭಾನುವಾರ ಪ್ರೇಮಲೀಲಾ ಅವರ ಕೈಲಿ ಆಟ ಸೋತಾಗಲೂ ಇದೇ ಮಾತು.

ತೊಂಬತ್ತೇಳರ ಅಕ್ಟೋಬರಿನಲ್ಲಿ ಆ ಪಟ್ಟಿಯ ತುದಿಗೆ ಹೊಸ ಮಳೆಯೊಂದು ಸೇರಿತು. ಹಗಲೆಲ್ಲ ಸುರಿದು, ಒಂಟಿಕೊಪ್ಪಲಿನ ಹಿಂದಿನ ತಗ್ಗಿನಲ್ಲಿ ದೊಡ್ಡ ಮೋರಿ ಉಕ್ಕಿ, ಎಂಟು ಮನೆಗಳ ಗೋಡೆ ಕುಸಿಯಿತು. ಜೀವ ಹೋಗಲಿಲ್ಲ. ಕುಸಿದದ್ದರಲ್ಲಿ ಒಂದು ಪುಟ್ಟಲಿಂಗಮ್ಮನ ಮನೆ. ಅವಳು ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಸದಾಶಿವಯ್ಯನವರ ಪೂಜೆಗೆ ಸೋಮವಾರ ಸೋಮವಾರ ಒಂದು ಕಟ್ಟು ತಂದುಕೊಡುವುದು ಅವಳ ವಾಡಿಕೆ.

ಹದಿನೈದು ದಿನ ಬಿಟ್ಟು ಬಂದವಳು ಮೆಟ್ಟಿಲ ಮೇಲೆ ನಿಂತೇ ಕೇಳಿದಳು. “ಅಯ್ನೋರೆ, ನಮ್ಮಣ್ಣ ಮಂಡಕಳ್ಳಿಗೆ ಬಂದ್ಬುಡಿ ಅಂತಾವ್ನೆ. ನಮ್ಮೆಜಮಾನ್ರೂ ಓಗೋಣ ಅಂತಾರೆ. ನನ್ ಕೆಲ್ಸ ಎಲ್ಲ ಇಲ್ಲೇ ಐತೆ. ಅಂಥ ಮಳೆ ಮತ್ತೆ ಯಾವಾಗ ಬತ್ತದೆ, ನೀವೇ ಏಳಿ.”

“ಪುಸ್ತಕದ ಪ್ರಕಾರ ಐವತ್ತು ವರ್ಷಕ್ಕೊಂದ್ಸಲ ಕಣಮ್ಮ.”

ಅವಳು ನಕ್ಕುಬಿಟ್ಟಳು. “ಅಂಗಾದ್ರೆ ನನ್ ಕಾಲಕ್ಕಿಲ್ಲ ಬುಡಿ! ಬದುಕ್ಬುಟ್ಟೆ.”

ಊರಿಗೆಲ್ಲ ಹೇಳಿದ ಕವಡೆಯ ಪಾಠ ಸದಾಶಿವಯ್ಯನವರ ನಾಲಿಗೆಯ ತುದಿಗೆ ಬಂದಿತ್ತು. ಅತ್ತು ಅತ್ತು ಬಾಡಿದ್ದ ಮುಖದಲ್ಲಿ ಆ ನಗೆ ಕಂಡು ಸುಮ್ಮನಾದರು. ಮುಂದಿನ ಸೋಮವಾರ ಹೇಳಿದರಾಯಿತು ಎಂದುಕೊಂಡರು. ಮುಂದಿನ ಸೋಮವಾರ ಅವಳು ಗೋಡೆಗೆ ಈ ಸಲ ಇಟ್ಟಿಗೆಯನ್ನೇ ಇಡಿಸುತ್ತಿರುವ ಸಂಭ್ರಮ ಹೇಳಿಕೊಂಡಳು. ಆಗಲೂ ಹೇಳಲಿಲ್ಲ. ಒಳ್ಳೆಯವರಲ್ಲೂ ಒಂದು ಬಗೆಯ ಸೋಮಾರಿತನ ಇರುತ್ತದೆ. ಕೆಟ್ಟ ಮಾತನ್ನು ನಾಳೆಗೆ ಇಟ್ಟುಕೊಳ್ಳುತ್ತಾರೆ.

ಎರಡು ವರ್ಷ ಕಳೆಯಿತು. ಮತ್ತೆ ಅಕ್ಟೋಬರು. ನಾಲ್ಕು ದಿನ ಜಿಟಿಜಿಟಿ ಹಿಡಿದು, ಐದನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಒಂದೇ ಒಂದು ಗಂಟೆ ಆಕಾಶ ಬಿರಿದಂತೆ ಹೊಯ್ಯಿತು. ನೆನೆದ ನೆಲ ಒಂದು ಹನಿಯನ್ನೂ ಕುಡಿಯಲಿಲ್ಲ, ಮೋರಿ ಮತ್ತೆ ಉಕ್ಕಿತು. ಪುಟ್ಟಲಿಂಗಮ್ಮ ಸಂಜೆಯೊಳಗೆ ಹೆಣವಾಗಿದ್ದಳು.

ಮರುದಿನ ಎಂಟೂವರೆಗೆ ಸದಾಶಿವಯ್ಯನವರು ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎರಡು ಸಲ ನೋಡಿದರು. ಎಂಬತ್ತನಾಲ್ಕು ಮಿಲಿಮೀಟರು. ಪಟ್ಟಿಯ ಪ್ರಕಾರ ಅದು ಏಳೆಂಟು ವರ್ಷಕ್ಕೊಮ್ಮೆ ಬರುವ ಸಾಧಾರಣ ಮಳೆ. ಇಡೀ ದಿನದ ನೀರನ್ನು ಒಂದೇ ಸೀಸೆಯಲ್ಲಿ ಹಿಡಿದು ಬರೆದ ಆ ಐವತ್ತು ವರ್ಷದ ಪುಸ್ತಕಗಳಿಗೆ ಒಂದು ಗಂಟೆಯ ಮಳೆ ಎಂದೂ ಕಂಡೇ ಇರಲಿಲ್ಲ.

ಮೂರನೆಯ ದಿನ ತಗ್ಗಿಗೆ ಹೋದರು. ಅವಳ ಗಂಡ ಚಿಕ್ಕಬಸವಯ್ಯ ಕೆಸರು ತುಂಬಿದ ಇಟ್ಟಿಗೆಗಳ ಮೇಲೆ ಕೂತಿದ್ದ. ಎದ್ದು ಕೈಮುಗಿದ. ಬೈಯುತ್ತಾನೆ, ಬೈದರೆ ಬೈಯಲಿ ಎಂದೇ ಹೋಗಿದ್ದರು. ಅವನು ಬೈಯಲಿಲ್ಲ.

“ನೀರು ಒಸ್ಲಿಗೆ ಬಂದಾಗ ಓಡೋಣ ಬಾ ಅಂದೆ ಅಯ್ನೋರೆ. ‘ಇದು ಆ ಮಳೆ ಅಲ್ಲ ಸುಮ್ನಿರಿ, ಅದಿನ್ನು ಬರಾಕಿಲ್ಲ ಅಂತ ಅಯ್ನೋರು ಏಳವ್ರೆ’ ಅಂದ್ಲು. ಬತ್ತಿ ಎತ್ತಿಡಾಕೆ ಒಳಕ್ಕೋದ್ಲು. ಅಷ್ಟ್ರಲ್ಲಿ ಗ್ವಾಡೆ ಬಿತ್ತು.”

ಸದಾಶಿವಯ್ಯನವರು ಅಲ್ಲೇ, ಆ ಕೆಸರಿನಲ್ಲೇ ಕೂತು ಮಗುವಿನಂತೆ ಅತ್ತರು. ‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂದು ಮಾತುಮಾತಿಗೆ ಅನ್ನುತ್ತಿದ್ದವರ ಬಾಯಲ್ಲಿ ಆಮೇಲೆ ಆ ಗಾದೆ ಯಾರೂ ಕೇಳಲಿಲ್ಲ. ಚೌಕಾಬಾರದ ಮಣೆ ಅಟ್ಟ ಸೇರಿತು.

ಹುಚ್ಚು ಮಾತ್ರ ಬಿಡಲಿಲ್ಲ, ದಾರಿ ಬದಲಾಯಿಸಿತು. ಮನೆಯ ತಾರಸಿಯಲ್ಲೇ ಒಂದು ಮಳೆಮಾಪಕ ನಿಲ್ಲಿಸಿ, ಮಳೆ ಹಿಡಿದರೆ ಛತ್ರಿ ಹಿಡಿದು ಹತ್ತು ನಿಮಿಷಕ್ಕೊಮ್ಮೆ ಅಳೆದರು. ಹಿಂದಿನ ಮೂರು ದಿನ ನೆಲ ಎಷ್ಟು ನೆನೆದಿತ್ತು, ಅರ್ಧ ಗಂಟೆಯಲ್ಲಿ ಎಷ್ಟು ಬಿತ್ತು, ಮೋರಿ ಎಲ್ಲಿಯವರೆಗೆ ಏರಿತು ಎಲ್ಲವನ್ನೂ ಬರೆದಿಟ್ಟರು. ನೆಲ ನೆನೆದಿರುವಾಗ ಅರ್ಧ ಗಂಟೆಗೆ ಒಂದಿಂಚು ಬಿದ್ದರೆ ತಗ್ಗು ತುಂಬುತ್ತದೆ ಎಂಬುದು ಐದಾರು ವರ್ಷಕ್ಕೆ ಖಚಿತವಾಯಿತು. ನಿವೃತ್ತರಾಗಿದ್ದರೂ ಅಂಥ ಮಳೆಯಲ್ಲಿ ಸೈಕಲ್ ತುಳಿದು ಹೋಗಿ ಬಾಗಿಲು ಬಡಿಯುತ್ತಿದ್ದರು. ಒಂದೆರಡು ಸಲ ನೀರು ಬಾರದೆ ಜನ ಗೊಣಗಿದ್ದೂ ಉಂಟು.

ಎರಡು ಸಾವಿರದ ಐದರಲ್ಲಿ ಬಂತು. ಅವರು ಬಾಗಿಲು ಬಡಿದು ಇಪ್ಪತ್ತು ನಿಮಿಷಕ್ಕೆ ತಗ್ಗು ಕೆರೆಯಾಯಿತು. ಅಷ್ಟರಲ್ಲಿ ಎಲ್ಲರೂ ಮೇಲಿನ ಶಾಲೆಯ ಜಗಲಿಯಲ್ಲಿದ್ದರು. ನೆನೆದ ಸೆರಗು ಹಿಂಡುತ್ತ ಭಾಗ್ಯಮ್ಮ ಎಂಬಾಕೆ ಕೇಳಿದಳು, “ಸ್ವಾಮಿ, ಇಂಥದ್ದು ಇನ್ನೆಷ್ಟು ವರ್ಷಕ್ಕೆ ಬತ್ತದೆ?”

“ನಾಳೆ,” ಎಂದರು ಸದಾಶಿವಯ್ಯನವರು. ಅವಳು ಗಾಬರಿಯಾದಳು, ಅವರು ಬಿಡಲಿಲ್ಲ. “ನಾಳೆ ಬರಬಹುದು ಕಣಮ್ಮ, ನಾಡಿದ್ದೂ ಬರಬಹುದು. ಆ ತಗ್ಗಲ್ಲಿ ಮತ್ತೆ ಗೋಡೆ ಇಡಬೇಡಿ.”

ಪಕ್ಕದಲ್ಲೇ ನಿಂತಿದ್ದ ಚಿಕ್ಕಬಸವಯ್ಯ ತಲೆಯೆತ್ತಿ ಅವರ ಮುಖ ನೋಡಿದ. “ಅವತ್ತೂ ಇಂಗೇ ಏಳಿದ್ರೆ ಅಯ್ನೋರೆ...” ಎಂದವನು ಅಷ್ಟಕ್ಕೇ ನಿಲ್ಲಿಸಿ, ಹೆಗಲ ಮೇಲಿನ ಟವೆಲ್ ತೆಗೆದು ಅವರ ನೆನೆದ ತಲೆ ಒರೆಸಿದ.

ಆ ಮಾತನ್ನು ಅವನು ಮುಂದೆಂದೂ ಮುಗಿಸಲಿಲ್ಲ. ಮುಗಿಸಿದ್ದರೆ ಸದಾಶಿವಯ್ಯನವರಿಗೆ ಎಷ್ಟೋ ಹಗುರವಾಗುತ್ತಿತ್ತು.