ನಾನು ಯಾಕೆ ಬೇಡವಾದೆ?

ಹಲವು ದೇಶಗಳು ಸೇರಿ ನಡೆಸುವ ಸಂಸ್ಥೆಯೊಂದರ ಬೆಳೆರೋಗ ವಿಭಾಗದಲ್ಲಿ ನನ್ನ ಕೆಲಸ. ಮುಖ್ಯಸ್ಥೆಯ ಹುದ್ದೆ ಖಾಲಿ ಬಿದ್ದಾಗ ಮೂರು ವರ್ಷ ಅದರ ಕತ್ತೆಚಾಕರಿಯನ್ನೆಲ್ಲ ನಾನೇ ಮಾಡಿದೆ. ಕೊನೆಗೆ ಸಂದರ್ಶನ ಮಾಡಿ, ನಿಮ್ಮನ್ನು ಆಯ್ಕೆ ಮಾಡಿಲ್ಲ ಎಂದು ಎರಡು ಸಾಲಿನ ಮೇಲ್ ಕಳಿಸಿದರು. ಕಾರಣವಿಲ್ಲ. ಮೈಯೆಲ್ಲ ಉರಿದುಹೋಯಿತು.

ಪ್ರಶ್ನಿಸಲು ಎರಡು ತಿಂಗಳ ಗಡುವಿತ್ತು. ರಜೆ ಹಾಕಿ ನೊಣವಿನಕೆರೆಗೆ, ದೊಡ್ಡಮ್ಮನ ಮನೆಗೆ ಬಂದೆ. ಅವಳ ಜೊತೆ ಕೊಬ್ಬರಿ ಮಾರಲು ತಿಪಟೂರಿಗೂ ಹೋದೆ. ವರ್ತಕನೊಬ್ಬ ಚೀಲ ಮೂಸಿ, "ಮಾಲು ಕೌಟು ಕಣಮ್ಮ" ಎಂದ. ದೊಡ್ಡಮ್ಮ ಅಡ್ಡ ನಿಂತಳು.

"ಒಡ್ದು ತೋರ್ಸಪ್ಪ. ತೋರ್ಸದೆ ಕೌಟು ಅನ್ನಂಗಿಲ್ಲ. ವರ್ಷ ಪೂರ್ತಿ ಅಟ್ಟದ ಮೇಲೆ ಕಾಯ್ದಿರೋಳು ನಾನು."

ಮಾಲು ಕೆಟ್ಟಿದೆ ಎಂದವನು ಬೆಳೆದವರ ಕಣ್ಣೆದುರೇ ಒಡೆದು ತೋರಿಸಬೇಕು, ಅದು ನಮ್ಮ ಕಡೆಯ ರೂಢಿ. ಅವನು ಮೂರು ಒಡೆದ. ಮೂರೂ ಬೆಳ್ಳಗಿದ್ದವು. ಒಳ್ಳೆ ಮಾಲಿನ ಬೆಲೆಯನ್ನೇ ಬರೆದ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಕತೆ ಹೇಳಿದೆ.

"ಇಂಟರ್‌ವ್ಯೂನಲ್ಲಿ ನಂಬರ್ ಕೊಟ್ಟಿರೋ ಹಾಳೆ ಕೇಳ್ದೇನೇ?" ಎಂದಳು.

"ಅದು ಗುಟ್ಟಂತೆ ದೊಡ್ಡಮ್ಮ."

"ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ಕೇಳು ಕಣೇ. ಸುಮ್ಕಿದ್ರೆ ನೆತ್ತಿ ಮೇಲೇ ಕೂತ್ಕೋತಾರೆ."

ಆ ವಾರವೇ ಆಯ್ಕೆಯನ್ನು ಪ್ರಶ್ನಿಸಿ, ಅಂಕದ ಹಾಳೆ ಕೇಳಿ ಸಂಸ್ಥೆಗೆ ಅರ್ಜಿ ಕಳಿಸಿದೆ. ನಮ್ಮ ನಿರ್ದೇಶಕರು ತಾವೇ ಫೋನ್ ಮಾಡಿದರು. ಕೇಸು ಹಾಕಿದವರಿಗೆ ಮುಂದೆ ಯಾರೂ ಕೆಲಸ ಕೊಡುವುದಿಲ್ಲ ಎಂದು ಬಹಳ ಪ್ರೀತಿಯಿಂದ ಹೆದರಿಸಿದರು. ಕೆಲಸ ಕೊಡದಿದ್ದರೆ ಬೇಡ, ಕಾರಣ ಕೊಡಿ ಎಂದೆ.

ಇಂಥ ಸಂಸ್ಥೆಯ ಮೇಲೆ ಯಾವ ದೇಶದ ಕೋರ್ಟಿಗೂ ಹೋಗುವಂತಿಲ್ಲ. ಅದರದೇ ನ್ಯಾಯಮಂಡಳಿ ಇದೆ, ಅಲ್ಲಿಗೇ ಹೋದೆ. ಯಾರನ್ನು ಆರಿಸಬೇಕೆಂಬುದು ಸಂಸ್ಥೆಯ ವಿವೇಚನೆ ಎಂದು ಅವರ ವಕೀಲರು ವಾದಿಸಿದರು. ನ್ಯಾಯಾಧೀಶೆ ಒಪ್ಪಿದರು. ಆದರೆ ವಿವೇಚನೆ ನಡೆದಿದೆಯೇ ನೋಡಬೇಕು, ಅಂಕಪಟ್ಟಿ ತನ್ನಿ ಎಂದರು.

ಪಟ್ಟಿ ಬಂತು. ನನಗೆ ಅಂಕ ಹಾಕಿದ್ದ ತಾರೀಖು, ನನ್ನನ್ನು ಬೇಡವೆಂದ ಮೇಲ್ ಬಂದು ಮೂರು ದಿನ ಆದ ಮೇಲಿನದು! ಮೊದಲು ತಳ್ಳಿ, ಆಮೇಲೆ ಅಳೆದಿದ್ದರು, ಮಹಾನುಭಾವರು. ಆಯ್ಕೆ ರದ್ದಾಯಿತು. ಹೊಸ ಸಮಿತಿಯಿಂದ ಮತ್ತೆ ಸಂದರ್ಶನ ಮಾಡಿಸಿ ಎಂದು ತೀರ್ಪು ಬಂತು.

ಹೊಸ ಸಮಿತಿಯ ಮುಂದೆ ಕೂರುವ ಮೊದಲು, ಅಂಕ ಹಾಕುವ ಹಾಳೆಗೆ ಅವತ್ತಿನ ತಾರೀಖು ಬರೆಸಿದೆ. ಮುಖ ಗಂಟಿಕ್ಕಿದರು, ಗಂಟಿಕ್ಕಲಿ.

ಹುದ್ದೆ ನನಗೇ ಬಂತು. ನಿರ್ದೇಶಕರು ಕೈ ಕುಲುಕಿ, ಹಳೆಯದನ್ನು ಮರೆಯೋಣ ಎಂದರು. ಮೊದಲ ಸಲ ನಾನು ಯಾಕೆ ಬೇಡವಾದೆ ಎಂದು ಅವರು ಇಂದಿಗೂ ಹೇಳಿಲ್ಲ. ಎದುರು ಸಿಕ್ಕಾಗಲೆಲ್ಲ ಕೇಳುತ್ತೇನೆ.