ಭಾನುವಾರದ ವ್ಯಾಕರಣ, ಮಾಡದಕೆರೆಯ ಕುರಿ

ಹೊಸದುರ್ಗದ ಬಸ್ ನಿಲ್ದಾಣದ ಪಕ್ಕದ ಗಾಡಿಯಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ, ಆ ಕಾಗದ ನಾನೇ ಎರಡು ವಾರದ ಹಿಂದೆ ಹತ್ತನೇ ತರಗತಿಯ ಮಕ್ಕಳಿಗೆ ಹಂಚಿದ್ದ ಇಂಗ್ಲಿಷ್ ವ್ಯಾಕರಣದ ಹಾಳೆ! ಎಣ್ಣೆ ಕುಡಿದು ಮಿರಮಿರನೆ ಮಿನುಗುತ್ತಿದ್ದ ಅದರ ಮೇಲೆ ಯಾವ ಪುಣ್ಯಾತ್ಮನೋ ‘ಐ ಎಂಜಾಯ್ ಟು ಈಟ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ. ಬೇರೆ ಯಾರಾದರೂ ಆಗಿದ್ದರೆ ಮಿರ್ಚಿ ತಿಂದು ಕಾಗದ ಎಸೆಯುತ್ತಿದ್ದರು. ನಾನು ಬಿಸಿ ಮಿರ್ಚಿಯನ್ನು ಆರಲು ಬಿಟ್ಟು, ಕೆಂಪು ಪೆನ್ನು ಹುಡುಕಿ, ‘ಟು ಈಟ್’ ಹೊಡೆದು ‘ಈಟಿಂಗ್’ ಎಂದು ತಿದ್ದಿ, ಆಮೇಲೆ ತಿಂದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಮಾತನ್ನು ನಮ್ಮ ಹಿರಿಯರು ನನ್ನಂಥವಳೊಬ್ಬಳನ್ನು ನೋಡಿಯೇ ಕಟ್ಟಿರಬೇಕು.

ನಾನು ಈ ಊರಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವವಳು. ಪರೀಕ್ಷೆ ಹತ್ತಿರ ಬಂತೆಂದರೆ ಭಾನುವಾರ ಬೆಳಿಗ್ಗೆಯೂ ಪುನರಾವರ್ತನೆಯ ತರಗತಿ ಇಟ್ಟು ಮಕ್ಕಳ ಶಾಪ ಕಟ್ಟಿಕೊಳ್ಳುತ್ತೇನೆ. ಅವರಿಗೆ ಅದು ಶಿಕ್ಷೆ, ನನಗೆ ಹಬ್ಬ. ಇಂಗ್ಲಿಷಿನ ಕ್ರಿಯಾಪದಗಳನ್ನೇ ನೋಡಿ, ಮದುವೆಗೆ ಬಂದ ಬೀಗರಿದ್ದ ಹಾಗೆ, ಒಬ್ಬೊಬ್ಬರಿಗೂ ಒಂದೊಂದು ಉಪಚಾರ: ‘ವಾಂಟ್’ ಎಂಬ ದೊಡ್ಡಮನುಷ್ಯನಿಗೆ ‘ಟು’ ಹಾಸಿಯೇ ಕೂರಿಸಬೇಕು, ‘ಎಂಜಾಯ್’ ಎಂಬಾತ ‘ಇಂಗ್’ ಬಡಿಸದಿದ್ದರೆ ಎಲೆ ಬಿಟ್ಟು ಏಳುತ್ತಾನೆ, ‘ಲೈಕ್’ ಪಾಪ ಏನು ಬಡಿಸಿದರೂ ಉಣ್ಣುತ್ತಾನೆ, ‘ಲೆಟ್’ಗಂತೂ ಏನೂ ಬೇಡ, ಬರಿಗಾಲಿನ ಸಾಧು. ಪದರಚನೆಯ ಪಾಠ ಬಂದಾಗ ನನಗೆ ಇನ್ನೂ ಹುರುಪು. ‘ಹ್ಯಾಪಿ’ಯ ತಲೆಗೆ ‘ಅನ್’ ಎಂಬ ಟೋಪಿ, ಕಾಲಿಗೆ ‘ನೆಸ್’ ಎಂಬ ಚಪ್ಪಲಿ ತೊಡಿಸಿ ಮಕ್ಕಳ ಮುಂದೆ ಮೆರವಣಿಗೆ ಹೊರಡಿಸುತ್ತೇನೆ. ನಾವು ಕನ್ನಡದವರು ಇಷ್ಟೆಲ್ಲ ಕಷ್ಟಪಡುವುದಿಲ್ಲ ಬಿಡಿ; ಕಾಫಿಗೀಫಿ, ಮದುವೆಗಿದುವೆ ಎಂದು ಒಂದೇ ಉಸಿರಿಗೆ ಪದಕ್ಕೆ ಮರಿ ಹಾಕಿಸಿ ಮುಂದೆ ಹೋಗುತ್ತೇವೆ.

ಆದರೆ ನನಗೆ ಎಲ್ಲಕ್ಕಿಂತ ಧೈರ್ಯವಿದ್ದದ್ದು ಪ್ರಮಾಣ ಹೇಳುವ ಪದಗಳ ಮೇಲೆ. ‘ಮೆನಿ’ ಎಣಿಸುವುದಕ್ಕೆ, ‘ಮಚ್’ ಅಳೆಯುವುದಕ್ಕೆ. ಲೋಕದ ಸಕಲ ವಸ್ತುಗಳೂ ಎಣಿಸುವಂಥವು, ಎಣಿಸಲಾಗದಂಥವು ಎಂಬ ಎರಡೇ ಗೂಡಿನಲ್ಲಿ ತೆಪ್ಪಗೆ ಕೂರುತ್ತವೆ ಎಂದು ಎಂಟು ವರ್ಷ ಬೋರ್ಡಿಗೆ ಕುಟ್ಟಿ ಕುಟ್ಟಿ ಹೇಳಿದ್ದೇನೆ. ಆ ಧೈರ್ಯವನ್ನು ಕೆಡಿಸಿದ್ದು ಮಾಡದಕೆರೆಯ ಒಂದು ಕುರಿಹಿಂಡು. ಹೇಳುತ್ತೇನೆ, ನಗಬೇಡಿ.

ನನಗೆ ಮೂವತ್ತೊಂದು. ಮಾಡದಕೆರೆಯ ತಿಮ್ಮೇಶ ಎಂಬವರು ತಾಯಿ ಈರಮ್ಮನವರ ಜೊತೆ ನನ್ನನ್ನು ನೋಡಲು ಬಂದಿದ್ದರು. ಬಿ.ಎ. ಓದಿ, ಹೊಲ, ಕುರಿ ನೋಡಿಕೊಂಡು ಊರಲ್ಲೇ ಇರುವವರು. ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ, ಹೋಳಿಗೆ ಬರುತ್ತಾ ಎಂದು ಕೇಳುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿತ್ತು. ಇವರು ಕಾಫಿ ಲೋಟ ತೆಗೆದುಕೊಳ್ಳುವಾಗ ನನ್ನ ಬೆರಳಿನ ಕೆಂಪು ಶಾಯಿ ನೋಡಿ, ಮೆಲ್ಲಗೆ, ‘ಈ ಸಲ ಎಷ್ಟು ಜನ ಫೇಲು ಮೇಡಂ?’ ಎಂದು ಕೇಳಿದರು. ನನಗೆ ಅಲ್ಲೇ ಮನಸ್ಸಾಯಿತು. ಸುತ್ತುಬಳಸು ಯಾಕೆ, ಆಯಿತು ಅಷ್ಟೆ!

ಕೆಟ್ಟದ್ದು ಆಮೇಲೆ. ನಮ್ಮಪ್ಪನದು ಬಟ್ಟೆ ಅಂಗಡಿ, ಮೀಟರು ಕಡ್ಡಿ ಹಿಡಿದು ಹಿಡಿದು ಕೈಯೇ ಕಡ್ಡಿಯಾದ ಮನುಷ್ಯ. ನಮ್ಮದೂ ಕುರಿ ಕಾಯುವವರ ಕುಲವೇ, ಆದರೆ ಅಪ್ಪ ಇನ್ನೂ ಚಡ್ಡಿ ಹಾಕುವ ಕಾಲಕ್ಕೇ ಮನೆಯವರು ಹಿಂಡು ಮಾರಿ ಪೇಟೆ ಸೇರಿದ್ದರು.

‘ಕುರಿ ಎಷ್ಟವಮ್ಮ?’ ಎಂದರು ಅಪ್ಪ.

‘ಅವೆ ಒಂದಿಷ್ಟು’ ಎಂದರು ಈರಮ್ಮ.

‘ಒಂದಿಷ್ಟು ಅಂದ್ರೆ? ಐವತ್ತಾ? ನೂರಾ?’

‘ದೇವ್ರು ಕೊಟ್ಟಷ್ಟು ಅವೆ ಕಣಣ್ಣ.’

ಅವರು ಬಸ್ಸು ಹತ್ತಿದ್ದೇ ತಡ ಅಪ್ಪ ಕೆಂಡವಾದರು. ‘ಕುರಿ ಲೆಕ್ಕಾನೇ ಹೇಳದೋರು ನಾಳೆ ಇನ್ನೇನೇನು ಮುಚ್ಚಿಡ್ತಾರೋ! ಬ್ಯಾಡ ಬಿಡವ್ವ ಈ ಸಂಬಂಧ’ ಎಂದುಬಿಟ್ಟರು. ಅಪ್ಪ ಬೇಡವೆಂದರೆ ದಾಟಿ ಹೋಗುವವಳು ನಾನಲ್ಲ. ಹಾಗಂತ ತಿಮ್ಮೇಶರನ್ನು ಬಿಟ್ಟುಕೊಡುವ ಮನಸ್ಸೂ ಇಲ್ಲ. ನಲವತ್ತು ಮಕ್ಕಳ ಮುಂದೆ ಎರಡು ಗಂಟೆ ಇಂಗ್ಲಿಷಿನಲ್ಲಿ ಅರಚುವವಳು, ಅಪ್ಪನ ಮುಂದೆ ಕನ್ನಡದಲ್ಲಿ ಒಂದು ವಾಕ್ಯ ಹೊರಡಿಸಲಾರದೆ ಒಳಗೆ ಹೋಗಿ ಲೋಟ ತೊಳೆದೆ.

ಮರು ಭಾನುವಾರ ಬೋರ್ಡಿನ ಮೇಲೆ ‘ಸಮ್, ಮೆನಿ, ಎ ಲಾಟ್ ಆಫ್, ಪ್ಲೆಂಟಿ ಆಫ್’ ಎಂದು ಬರೆದು ತಿರುಗಿದರೆ ತರಗತಿಯ ಬಾಗಿಲಲ್ಲಿ ತಿಮ್ಮೇಶ! ಅಪ್ಪ ಬೇಡವೆಂದ ಸುದ್ದಿ ಮಾಡದಕೆರೆಗೆ ಮುಟ್ಟಿತ್ತೆಂದು ಕಾಣುತ್ತದೆ. ‘ಎರಡು ಮಾತು ಆಡಾದಿತ್ತು ಮೇಡಂ’ ಎಂದರು. ನನಗೆ ಎದೆ ಹಾರಿದ್ದು ನಿಜ, ಆದರೆ ಮೇಷ್ಟ್ರ ಬಿಗುಮಾನ ಬಿಡಬೇಕಲ್ಲ. ‘ಪಾಠ ಮುಗಿಯೋಗಂಟ ಹಿಂದೆ ಕುಂತ್ಕಳ್ರಿ’ ಎಂದೆ. ಕಡೆಯ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಒದ್ದಾಡುತ್ತಾ ಕೂತರು. ನನ್ನೊಳಗೆ ಅದ್ಯಾವ ತುಂಟ ದೇವತೆ ಹೊಕ್ಕಳೋ, ಬೆತ್ತದಿಂದ ಅವರನ್ನೇ ತೋರಿಸಿ, ‘ಹೌ ಮೆನಿ ಶೀಪ್ ಡು ಯು ಹ್ಯಾವ್?’ ಎಂದು ಕೇಳಿಬಿಟ್ಟೆ.

ಅವರು ಎದ್ದು ಕೈಕಟ್ಟಿ ನಿಂತರು. ‘ಐ ಹ್ಯಾವ್ ಸಮ್ ಶೀಪ್, ಮೇಡಂ.’

ಮಕ್ಕಳು ಕಿಸಕ್ಕೆಂದವು. ‘ಹೌ ಮೆನಿ?’ ಎಂದೆ ಮತ್ತೆ.

‘ಎ ಲಾಟ್ ಆಫ್ ಶೀಪ್.’

‘ಎಷ್ಟು ಅಂತ ಕೇಳಿದ್ದು!’

‘ಪ್ಲೆಂಟಿ ಆಫ್ ಶೀಪ್, ಮೇಡಂ.’

ಬೋರ್ಡಿನ ಮೇಲಿದ್ದ ಒಂದೊಂದನ್ನೂ ಒಂದೇ ಒಂದು ತಪ್ಪಿಲ್ಲದೆ ಬಳಸಿದರು, ಉತ್ತರ ಮಾತ್ರ ಕೊಡಲಿಲ್ಲ. ಮಕ್ಕಳು ಬೆಂಚು ಬಡಿದು ನಕ್ಕವು. ನಾನು ಬೋರ್ಡಿನ ಕಡೆ ತಿರುಗಿ, ಒರೆಸುವ ನೆಪದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ತರಗತಿ ಬಿಟ್ಟ ಮೇಲೆ ಅವರು ಹೇಳಿದರು: ‘ಎಣಿಸಿ ಬಾಯಿಬಿಟ್ಟು ಹೇಳಿದ್ರೆ ದೃಷ್ಟಿ ಆಗುತ್ತೆ ಅಂತಾಳೆ ಮೇಡಂ ನಮ್ಮವ್ವ. ಮುಚ್ಚಿಡಾಕಲ್ಲ. ಅವ್ವ ಇವತ್ತಿಗೂ ಎಣಿಸಿದೋಳಲ್ಲ. ಸಂಜೆ ಕುರಿ ರೊಪ್ಪದ ಬಾಗ್ಲಾಗೆ ನಿಂತ್ಕಂಡು ಒಂದೊಂದರ ಮುಖ ನೋಡಿ ಒಳಗೆ ಬಿಟ್ಕಂತಾಳೆ. ನಿಮ್ಮ ತಂದೆಯೋರು ಒಂದ್ಸಲ ಬಂದು ನೋಡ್ಲಿ.’

ಅವತ್ತು ಸಂಜೆ, ಹೇಗೆ ಧೈರ್ಯ ಬಂತೋ, ಅಂಗಡಿಗೇ ಹೋಗಿ ಹೇಳಿದೆ: ‘ಅಪ್ಪ, ನಂಗೆ ಹುಡುಗ ಒಪ್ಪಿಗೆ ಐತೆ. ಅವರ ಮನೆ ನೋಡ್ಕಂಡು ಬರಾಣ. ಆಮೇಲೂ ನಿಂಗೆ ಬ್ಯಾಡ ಅನ್ಸಿದ್ರೆ ಬಿಡಾಣ.’ ಅಪ್ಪ ಮೀಟರು ಕಡ್ಡಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ‘ಆಗ್ಲಿ, ಹೋಗಾಣ. ಆದ್ರೆ ನಾನೇ ನಿಂತು ಎಣಿಸ್ಕಂಡು ಬರ್ತೀನಿ’ ಎಂದರು.

ಎಣಿಸಲೆಂದೇ ಅಪ್ಪ ನನ್ನ ಜೊತೆ ಮಾಡದಕೆರೆಗೆ ಬಂದು ರೊಪ್ಪದ ಪಕ್ಕದ ಕಲ್ಲು ಹತ್ತಿ ನಿಂತರು, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ. ಹೊತ್ತು ಇಳಿಯುವಾಗ ಹಿಂಡು ಬಂತು. ಅಪ್ಪ ಬೆರಳು ಮಡಚುತ್ತಾ ಇಪ್ಪತ್ತಾರಕ್ಕೆ ಬಂದರು, ಆಗ ಮರಿಯೊಂದು ಹಿಂದಕ್ಕೆ ಓಡಿತು; ಮತ್ತೆ ಒಂದರಿಂದ. ಮೂವತ್ತಕ್ಕೆ ಎರಡು ಟಗರು ಗುದ್ದಾಡಿಕೊಂಡವು, ಮತ್ತೆ ಒಂದರಿಂದ. ಅಷ್ಟರಲ್ಲಿ ಬಾಗಿಲಲ್ಲಿದ್ದ ಈರಮ್ಮ, ‘ತಿಮ್ಮ, ಕರಿಮೂತಿ ಮರಿ ಬಂದಿಲ್ವಲ್ಲೋ’ ಎಂದರು. ಎಷ್ಟು ಬಂದಿಲ್ಲವೆಂದಲ್ಲ, ಯಾವುದು ಬಂದಿಲ್ಲವೆಂದು. ತರಗತಿಯಲ್ಲಿ ಹಾಜರಿ ಕೂಗಿ, ‘ನಲವತ್ತರಲ್ಲಿ ಮೂವತ್ತೆಂಟು’ ಎಂದು ಬರೆದು ಪುಸ್ತಕ ಮುಚ್ಚುವ ನನಗೆ, ಆ ಇಬ್ಬರು ಯಾರು, ಯಾಕೆ ಬರಲಿಲ್ಲ ಎಂದು ಎಷ್ಟು ದಿನ ಹೊಳೆದಿದೆ? ಎಣಿಸಬಲ್ಲೆವು ಎಂಬ ಒಂದೇ ಕಾರಣಕ್ಕೆ ಎಣಿಸಿ ಕೈತೊಳೆದುಕೊಂಡಂಥವು ನಮ್ಮ ಬದುಕಿನಲ್ಲಿ ಎಷ್ಟಿವೆಯೋ. ಆ ಕ್ಷಣಕ್ಕೆ ನನಗೆ ನಾಚಿಕೆಯಾಯಿತು.

ನಾಚಿಕೊಂಡು ನಿಲ್ಲುವುದಕ್ಕೆ ಪುರುಸೊತ್ತೆಲ್ಲಿ! ತಿಮ್ಮೇಶ ಒಂದು ಕಡೆ ಓಡಿದರು, ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿಕೊಂಡು ನಾನೊಂದು ಕಡೆ. ಮರಿಯ ಕೂಗು ಕೇಳಿದ್ದು ಜಾಲಿಪೊದೆಯ ಕಡೆಯಿಂದ. ನಾವು ಮುಟ್ಟುವ ಮೊದಲೇ ಅಪ್ಪ ಅದರೊಳಗೆ ಅರ್ಧ ಮುಳುಗಿದ್ದರು. ‘ಸಿಕ್ತು! ಸಿಕ್ತು ಕಣ್ರೋ!’ ಎಂದು ಕೂಗುತ್ತಾ ಕರಿಮೂತಿಯನ್ನು ಎದೆಗವಚಿಕೊಂಡು ಹೊರಬಂದರು. ಬಿಳಿ ಅಂಗಿಯ ತೋಳು ಮುಳ್ಳಿಗೆ ಪರ್ರನೆ ಹರಿದಿತ್ತು, ಅದರ ಗ್ಯಾನವೇ ಅವರಿಗಿರಲಿಲ್ಲ. ಈರಮ್ಮ ಒಳಗಿನಿಂದ ಹಿಡಿ ಉಪ್ಪು ತಂದು ಮರಿಗೆ ನಿವಾಳಿಸಿದರು. ಅದೇ ಕೈಯಲ್ಲಿ, ಹೇಳದೆ ಕೇಳದೆ, ಅಪ್ಪನಿಗೂ ನಿವಾಳಿಸಿ ಬೆಂಕಿಗೆ ಹಾಕಿದರು. ಉಪ್ಪು ಚಟಪಟ ಸಿಡಿಯಿತು. ಅಪ್ಪ ಮಗುವಿನಂತೆ ತಲೆ ಬಗ್ಗಿಸಿ ನಿಂತಿದ್ದರು. ‘ನಮ್ಮಜ್ಜಿನೂ ಹಿಂಗೇ ಮಾಡ್ತಿದ್ಲು’ ಎಂದರು ಕೊನೆಗೆ, ಯಾರಿಗೆಂದಿಲ್ಲದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಹರಿದ ತೋಳನ್ನು ಮಡಚಿ ಮಡಚಿ ನೋಡಿಕೊಳ್ಳುತ್ತಿದ್ದರು. ನಾನು ‘ಏನಂದ್ಕಂಡೆ ಅಪ್ಪ?’ ಎಂಬ ಎರಡೇ ಪದವನ್ನು ಮನಸ್ಸಿನಲ್ಲೇ ಬರೆದು ಬರೆದು ತಿದ್ದುತ್ತಿದ್ದೆ. ಅಷ್ಟರಲ್ಲಿ ಮನೆಯಲ್ಲೇ ಉಳಿದಿದ್ದ ಅಮ್ಮನ ಫೋನು ಬಂತು. ಅಪ್ಪ ಫೋನನ್ನು ಯಾವತ್ತೂ ಇಡೀ ಬಸ್ಸಿಗೆ ಕೇಳುವಂತೆ ಹಾಕಿಕೊಂಡೇ ಮಾತಾಡುವವರು.

‘ಏನ್ರಿ, ಎಣಿಸಿದ್ರಾ? ಒಟ್ಟು ಎಷ್ಟವೆ?’ ಎಂದಳು ಅಮ್ಮ.

ಅಪ್ಪ ಸುತ್ತಮುತ್ತ ನೋಡಿ, ಫೋನನ್ನು ಕೈಯಲ್ಲಿ ಮರೆಮಾಡಿಕೊಂಡು, ಹುಟ್ಟಿದಾಗಿನಿಂದ ನಾನು ಕೇಳಿರದಷ್ಟು ಸಣ್ಣ ದನಿಯಲ್ಲಿ ಗದರಿದರು: ‘ಸುಮ್ನಿರೇ! ನಮ್ಮನೆ ಕುರಿನ ಹಿಂಗೆ ಬಸ್ನಾಗೆ ಕುಂತು ಎಣಿಸ್ತಾರೇನೆ?’