ಬರಲು ತಂದವನಿಗೆ ಏಟಿಲ್ಲ

ನಾನು ಚಿಕ್ಕವನಿದ್ದಾಗ, ನಮಗೆ ಹೊಡೆಯುವ ಕೋಲನ್ನು, ಅಂದರೆ ಹಸಿ ಬರಲನ್ನು, ನಾವೇ ಮುರಿದು ತಂದು ಮೇಷ್ಟ್ರಿಗೆ ಕೊಡಬೇಕಿತ್ತು. ನಗಬೇಡಿ ಮಕ್ಕಳೇ, ನಿಜ. ಅಮೃತೂರಿನ ಹತ್ತಿರದ ನಮ್ಮ ಹಳ್ಳಿ ಶಾಲೆಯಲ್ಲಿ ಅದಕ್ಕೆ ದಿನಕ್ಕೊಬ್ಬರ ಪಾಳಿ. ಒಳ್ಳೆಯ ಬರಲು ತಂದವನಿಗೆ ಆ ದಿನ ಏಟಿಲ್ಲ. ಹಾಗಾಗಿ ಪಾಳಿ ಬಂದ ದಿನ ನಾವೆಲ್ಲ ಜಿದ್ದಿಗೆ ಬಿದ್ದು ಹುಡುಕುತ್ತಿದ್ದೆವು.

ಅಂದು ನನ್ನ ಪಾಳಿ. ನಾನು ಎರಡನೇ ಕ್ಲಾಸು, ಅಕ್ಕ ನಾಲ್ಕನೇ ಕ್ಲಾಸು, ಎಲ್ಲರಿಗೂ ಒಬ್ಬರೇ ಮೇಷ್ಟ್ರು. ಕೆರೆ ಪಕ್ಕದ ಲಕ್ಕಿ ಪೊದೆಗೆ ನುಗ್ಗಿದವನು, ಗಿಣ್ಣಿಲ್ಲದ, ಚೆನ್ನಾಗಿ ಬಳುಕುವ ಬರಲು ಸಿಗುವ ತನಕ ಕದಲಲಿಲ್ಲ. ಎಲೆಯ ಘಾಟು ಕೈಗೆಲ್ಲ ಮೆತ್ತಿತ್ತು. "ಗಂಟೆ ಹೊಡುದ್ರು, ಬಾರ್ಲಾ" ಎಂದು ಏರಿಯ ಮೇಲಿಂದ ಅಕ್ಕ ಕರೆಯುತ್ತಲೇ ಇದ್ದಳು. ನನ್ನನ್ನು ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ.

ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದಿತ್ತು. ಮೇಷ್ಟ್ರು ಬರಲನ್ನು ಗಾಳಿಯಲ್ಲಿ ಬೀಸಿ ನೋಡಿ, ಭೇಷ್ ಎಂದು ನನ್ನನ್ನು ಒಳಗೆ ಕಳಿಸಿದರು. ತಡವಾಗಿ ಬಂದದ್ದಕ್ಕೆ ಅಕ್ಕನಿಗೆ ಕೈ ಚಾಚಲು ಹೇಳಿದರು. ತಡವಾದದ್ದು ನನ್ನಿಂದ ಎಂದು ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಹಸಿ ಬರಲು ಸುಯ್ಯೆಂದು ಇಳಿದಂತೆ ಅಂಗೈ ತುಂಬ ಬಾಸುಂಡೆ ಎದ್ದವು. ಹೆದರಿಕೆಗೆ ಅವಳ ಲಂಗ ಒದ್ದೆಯಾಯಿತು, ಹುಡುಗರು ಗೊಳ್ಳೆಂದು ನಕ್ಕರು. ನನಗೆ ಏಟು ತಪ್ಪಿತಲ್ಲ ಎಂದು ಒಳಗೊಳಗೇ ಖುಷಿ. ಥೂ, ಈಗ ನೆನೆದರೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮರುದಿನ ಅಕ್ಕ ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ಅಪ್ಪ ಯಾಕೆಂದು ಕೇಳಲೂ ಇಲ್ಲ. "ಹೆಣ್ಮಗ ತಾನೇ, ಬುಡು, ಮನೇಲಿರ್ಲಿ" ಎಂದುಬಿಟ್ಟರು. ಅವಳ ಓದು ಅಲ್ಲಿಗೇ ನಿಂತುಹೋಯಿತು.

ನನ್ನ ಮೊಮ್ಮಗ ತುಮಕೂರಿನಲ್ಲಿ ಓದುತ್ತಾನೆ. ಅವನ ಶಾಲೆಯಲ್ಲಿ ಕೋಲಿಲ್ಲ. ಗೇಟಿಗೆ ವಾಚ್‌ಮನ್ ಇದ್ದಾನೆ, ಗೋಡೆಗೋಡೆಗೂ ಕ್ಯಾಮೆರಾ. ಇವನಿಗೇನು ಭಯ ಎಂದು ನಾನು ನಿಶ್ಚಿಂತೆಯಾಗಿದ್ದೆ. ಮೊನ್ನೆ ಅವನು ಲೀಡರ್ ಬ್ಯಾಡ್ಜ್ ಹಾಕಿಕೊಂಡು ಬಂದ. ಕ್ಲಾಸಿನಲ್ಲಿ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಅವನ ಕೆಲಸವಂತೆ. ಗುಬ್ಬಿ ಕಡೆಯಿಂದ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಮಾತು ಹಳ್ಳಿ ಮಾತಂತೆ. ಅವಳು ಬಾಯಿ ಬಿಡದಿದ್ದರೂ ದಿನಾ ಅವಳ ಹೆಸರೇ ಮೊದಲಂತೆ. ಮಿಸ್ ಹೊರಗೆ ಕಳಿಸಿದರೆ ಊಟದ ಬೆಲ್ ಆಗುವವರೆಗೂ ಬಾಗಿಲಾಚೆ ನಿಂತು ಅಳುತ್ತಾಳಂತೆ. ನಗುತ್ತಾ ಹೇಳಿದ.

ನಾಳೆಯಿಂದ ಅವಳ ಹೆಸರು ಬರೆಯಬೇಡ ಎಂದೆ.

"ಯಾರ ಹೆಸರೂ ಬರೀದಿದ್ರೆ ಮಿಸ್ ನನ್ನನ್ನೇ ಹೊರಗೆ ನಿಲ್ಲಿಸ್ತಾರೆ, ತಾತ."

"ನಿಂತ್ಕೋ ಕಣೋ," ಎಂದೆ. "ಅವತ್ತು ನಾನು ನಿಂತ್ಕೊಳ್ಳಲಿಲ್ಲ."